ಮದುವೆ ಗೌನಿನ ಕಾರ್ಸೆಟ್ ಮನೆಯಲ್ಲೇ ಹೊಲಿಯುವವರಿಗೆ

ಕಳೆದ ಜನವರಿಯಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನಲ್ಲಿ ನನ್ನ ಮದುವೆಯಾಯಿತು. ತೊಟ್ಟ ಗೌನು ಅಮ್ಮನ ಕಾಲು ಮೆಷಿನ್ನಿನಲ್ಲಿ ನಾನೇ ಹೊಲಿದದ್ದು. ಬ್ಲೌಸಿಗೆ ಪ್ರಿನ್ಸೆಸ್ ಕಟ್ ಹೊಲಿಯಲು ಬರುವವರಿಗೆ ಕಾರ್ಸೆಟ್ಟೂ, ಅಂದರೆ ಬೆನ್ನಲ್ಲಿ ದಾರ ಎಳೆದು ಕಟ್ಟುವ ಗೌನಿನ ಬಿಗಿಯಾದ ಮೇಲ್ಭಾಗವೂ, ಬರುತ್ತದೆ. ಒಂದು ಮಾತು ಮಾತ್ರ ತಲೆಯಲ್ಲಿರಲಿ: ಭುಜದ ಪಟ್ಟಿಯಿಲ್ಲದ ಈ ಉಡುಪನ್ನು ಹೊರುವುದು ಸೊಂಟ. ಎದೆಯ ಹತ್ತಿರ ಎಷ್ಟು ಬಿಗಿ ಮಾಡಿದರೂ ಸೊಂಟ ಸಡಿಲವಿದ್ದರೆ ದಿನವಿಡೀ ಮೇಲಕ್ಕೆ ಎಳೆದುಕೊಳ್ಳುವುದೇ ಕೆಲಸ.

ಮೊದಲು ಸೊಂಟಕ್ಕೊಂದು ಎಲಾಸ್ಟಿಕ್ ಕಟ್ಟಿಕೊಂಡು ಎಡಕ್ಕೂ ಬಲಕ್ಕೂ ಬಾಗಿ. ಅದು ತಾನಾಗಿ ಸರಿದು ನಿಲ್ಲುವ ಜಾಗವೇ ನಿಮ್ಮ ಸೊಂಟ. ಮೇಲಿನ, ಕೆಳಗಿನ ಅಳತೆಗಳನ್ನೆಲ್ಲ ಅಲ್ಲಿಂದಲೇ ತೆಗೆಯಿರಿ. ನನ್ನದು 29 ಇಂಚು. ಕಾರ್ಸೆಟ್ಟಿಗೆ 25 ಇಟ್ಟೆ. 2 ಇಂಚು ಬೆನ್ನಲ್ಲಿ ದಾರ ಕಟ್ಟುವ ತೆರಪಿಗೆ, 2 ಇಂಚು ಬಿಗಿತಕ್ಕೆ. ಎದೆಯಲ್ಲಿ ತೆರಪಿನ 2 ಇಂಚು ಬಿಟ್ಟರೆ ಬೇರೇನೂ ಕಳೆಯಬೇಡಿ. ಸೊಂಟದಲ್ಲೂ ಇದಕ್ಕಿಂತ ಬಿಗಿ ಬೇಡ. ಮದುವೆಯ ದಿನ ನೀವೂ ಊಟ ಮಾಡಬೇಕಲ್ಲ.

ಸ್ಯಾಟಿನ್‌ಗೆ ಕತ್ತರಿ ಹಾಕುವ ಮೊದಲು ಹಳೇ ಬೆಡ್‌ಶೀಟಿನಲ್ಲಿ ಒಂದು ಹೊಲಿದು ನೋಡಲೇಬೇಕು. ನಾನು ಮೂರು ಹೊಲಿದೆ. ಮೊದಲನೆಯದು ಕನ್ನಡಿಯ ಮುಂದೆ ನಿಂತಾಗ ಚೆನ್ನಾಗಿಯೇ ಕೂತಿತ್ತು. ಆಮೇಲೆ ಪೂಜೆಯಲ್ಲಿ ಮೊಣಕಾಲೂರುವ ಹಾಗೆ ನೆಲದ ಮೇಲೆ ಕೂತೆ. ಮುಂದಿನ ಚೂಪು ತುದಿ ತೊಡೆಗೆ ತಾಗಿ ಇಡೀ ಕಾರ್ಸೆಟ್ಟನ್ನು ಗಲ್ಲದ ಕಡೆಗೆ ತಳ್ಳಿತು. ಒಂದೂವರೆ ಇಂಚು ಕತ್ತರಿಸಿದ ಮೇಲೆ ಸರಿಹೋಯಿತು. ನೀವೂ ನಿಂತು, ಕೂತು, ಮೊಣಕಾಲೂರಿ, ಕೈ ಎತ್ತಿ ನೋಡಿ.

ಬಟ್ಟೆ ಮೂರು ಪದರ. ಹೊರಗೆ ಸ್ಯಾಟಿನ್, ಒಳಗೆ ಮೈಗೆ ತಾಗುವಲ್ಲಿ ಮೆತ್ತನೆಯ ಕಾಟನ್, ನಡುವೆ ಶಾಲೆಯ ಯೂನಿಫಾರ್ಮ್ ಪ್ಯಾಂಟಿಗೆ ಹಾಕುವ ಡ್ರಿಲ್. ಭಾರ ಹೊರುವುದು ಡ್ರಿಲ್ಲೇ, ಅಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಕಾಟನ್ನನ್ನೂ ಡ್ರಿಲ್ಲನ್ನೂ ಬಿಸಿನೀರಿನಲ್ಲಿ ನೆನೆಸಿ ಒಣಗಿಸಿ, ಕುಗ್ಗುವಷ್ಟು ಮೊದಲೇ ಕುಗ್ಗಲಿ. ಮಳೆಗಾಲದಲ್ಲಿ ನಮ್ಮಲ್ಲಿ ಒಲೆಯ ಮೇಲ್ಗಡೆ ಬಟ್ಟೆ ಒಣಗಿಸುತ್ತೇವಲ್ಲ, ಡ್ರಿಲ್ಲಿಗೆ ಅದು ಸಾಕು. ಸ್ಯಾಟಿನ್ ಮಾತ್ರ ಅಡುಗೆಮನೆ ಕಡೆ ಸುಳಿಯಬಾರದು, ಹೊಗೆ ವಾಸನೆ ಹಿಡಿದರೆ ಹೋಗುವುದಿಲ್ಲ.

ಒಂದೊಂದು ಪಕ್ಕಕ್ಕೆ 6ರಂತೆ ಒಟ್ಟು 12 ತುಂಡು. ಪ್ರತಿ ತುಂಡಿಗೂ ನಂಬರ್, ಮೇಲ್ಗಡೆಯ ಬಾಣ, ಸೊಂಟದ ಗೆರೆ ಮೂರನ್ನೂ ಹಾಕಿ. ಕತ್ತರಿಸಿಟ್ಟ ಮೇಲೆ 3 ಯಾವುದು, 4 ಯಾವುದು ಗೊತ್ತಾಗುವುದಿಲ್ಲ. ಸ್ಯಾಟಿನ್ನನ್ನೂ ಡ್ರಿಲ್ಲನ್ನೂ ಮಾರ್ಜಿನ್ನಿನೊಳಗೆ ಕಚ್ಚಾ ಹೊಲಿಗೆ ಹಾಕಿ ಒಂದೇ ಬಟ್ಟೆ ಮಾಡಿಕೊಳ್ಳಿ. ಪಿನ್ನೂ ಮಾರ್ಜಿನ್ನಿನಲ್ಲೇ ಇರಲಿ, ಸ್ಯಾಟಿನ್ ಮೇಲೆ ಬಿದ್ದ ತೂತು ಮುಚ್ಚುವುದಿಲ್ಲ. ಅರ್ಧ ಇಂಚು ಮಾರ್ಜಿನ್, ಸಣ್ಣ ಹೊಲಿಗೆ, 16ನೇ ನಂಬರ್ ಸೂಜಿ. ತಿರುವಿನಲ್ಲಿ ಸಣ್ಣ ಕಚ್ಚು ಕೊಟ್ಟು, ಮಾರ್ಜಿನ್ ಬಿಡಿಸಿ ಇಸ್ತ್ರಿ ಮಾಡಿ. ಆಮೇಲೆ ಒಳಗಡೆ ಸೊಂಟದ ಗೆರೆಯ ಮೇಲೆ, ಬೆನ್ನಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ಎಳೆದರೆ ಹಿಗ್ಗದ 1 ಇಂಚಿನ ಕಾಟನ್ ಟೇಪು. ನಾನು ಹೇಳಿದ ಸೊಂಟದ ಬಲ ಈ ಟೇಪಿನಲ್ಲಿದೆ.

ಕಾರ್ಸೆಟ್ ಮಡಚಿಕೊಳ್ಳದೆ ನೆಟ್ಟಗೆ ನಿಲ್ಲಲು ಒಳಗೆ ಕಡ್ಡಿ ಬೇಕು. ಉಕ್ಕಿನವು ಸಿಗುತ್ತವೆ, ಆದರೆ ಕೊಡಗಿನ ತೇವಕ್ಕೆ ತುಕ್ಕು ಹಿಡಿದು ಬಿಳಿ ಬಟ್ಟೆಗೆ ಕಲೆ ಬಿದ್ದೀತೆಂಬ ಭಯ ನನಗೆ. ಹಾರ್ಡ್‌ವೇರ್ ಅಂಗಡಿಯಿಂದ 9 ಮಿಲಿಮೀಟರ್ ಅಗಲದ ಕೇಬಲ್ ಟೈ ತಂದೆ. ಒಂದು ದಿನದ ಉಡುಪಿಗೆ ಅದು ಧಾರಾಳ ಸಾಕು. ಪ್ರತಿ ಹೊಲಿಗೆಯ ಮೇಲೆ ಒಳಗಡೆಯಿಂದ ಕಾಟನ್ ಪಟ್ಟಿ ಹೊಲಿದು ಕೊಳವೆ ಮಾಡಿ ಕಡ್ಡಿ ತೂರಿಸಿ. ಕೊಳವೆಗಿಂತ ಕಡ್ಡಿ ಎರಡು ತುದಿಯಲ್ಲೂ ಕಾಲು ಇಂಚು ಗಿಡ್ಡವಿರಲಿ. ಕತ್ತರಿಸಿದ ಮೂಲೆಗಳನ್ನು ದುಂಡಗೆ ಮಾಡಿ, ಮೇಣದಬತ್ತಿಗೆ ಒಂದು ಕ್ಷಣ ಹಿಡಿದು ನಯಗೊಳಿಸಿ. ನಾನು ಒಂದಕ್ಕೆ ಹಾಗೆ ಮಾಡಲು ಮರೆತೆ. ಎರಡನೇ ಸಲ ತೊಟ್ಟು ನೋಡುವಾಗ ಎಡ ಕಂಕುಳ ಕೆಳಗೆ ಅದರ ಮೂಲೆ ಡ್ರಿಲ್ಲನ್ನೂ ಸ್ಯಾಟಿನ್ನನ್ನೂ ಸೀಳಿ ಹೊರಬಂತು. ಆ ತುಂಡನ್ನೇ ಬಿಚ್ಚಿ ಹೊಸದು ಹಾಕಬೇಕಾಯಿತು.

ಬೆನ್ನಿಗೆ ದಾರ ತೂರಿಸುವ ಲೋಹದ ಐಲೆಟ್ ಬೇಡವೆನ್ನಿಸಿತು. ಬ್ಲೌಸಿಗೆ ಡೋರಿ ಮಾಡುತ್ತೇವಲ್ಲ, ಅದೇ ಕ್ರಾಸ್ ಪಟ್ಟಿಯ ಡೋರಿಯನ್ನು ಕುಣಿಕೆಗಳಾಗಿ ಒಂದೊಂದು ಇಂಚಿಗೆ ಕೂರಿಸಿ, ಅವುಗಳ ಪಕ್ಕಕ್ಕೇ ಒಂದು ಕಡ್ಡಿ ಕೊಟ್ಟೆ. ಕಡ್ಡಿ ಇಲ್ಲದಿದ್ದರೆ ದಾರ ಎಳೆದಾಗ ಬೆನ್ನು ಸುಕ್ಕುಗಟ್ಟುತ್ತದೆ. ದಾರ 6 ಮೀಟರ್ ಇರಲಿ. ಕೊನೆಗೆ ಒಳಗಿನ ಕಾಟನ್ ಕೂರಿಸಿ, ಮೇಲಿನ ಕೆಳಗಿನ ಅಂಚಿಗೆ ಸ್ಯಾಟಿನ್ ಪೈಪಿಂಗ್.

ಸ್ಕರ್ಟು ಸುಲಭ: ಕ್ಯಾನ್‌ಕ್ಯಾನ್ ಪೆಟಿಕೋಟಿನ ಮೇಲೆ ಕಳಿ ಹಾಕಿದ ಸ್ಯಾಟಿನ್, ಅದಕ್ಕೆ ಬೇರೆಯೇ ಸೊಂಟಪಟ್ಟಿ. ಚರ್ಚಿಗೆ ಭುಜ ಮುಚ್ಚಬೇಕಲ್ಲ, ಲೇಸಿನ ಉದ್ದ ತೋಳಿನ ಸಣ್ಣ ಜಾಕೆಟ್ಟೊಂದನ್ನು ಬೇರೆ ಹೊಲಿದೆ.

ಇಲ್ಲಿ ಮಳೆಗಾಲದಲ್ಲಿ ಹೊಲಿಯುವವರಿಗೆ ಇನ್ನೊಂದು ಮಾತು. ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ, ಬೂಸ್ಟು ಬರುತ್ತದೆ. ಒಗೆದ ಬಿಳಿ ಪಂಚೆಯಲ್ಲಿ ಸುತ್ತಿ, ಬಿಸಿಲು ಕಂಡ ದಿನ ನೆರಳಲ್ಲಿ ಬಿಚ್ಚಿ ಹರವಿ. ಕೊಡವರ ಕಕ್ಕಡ ತಿಂಗಳ 18ರ ದಿನ, ಅಂದರೆ ಆಗಸ್ಟ್ 3ಕ್ಕೆ, ಪಕ್ಕದ ಮನೆ ಆಂಟಿ ಆ ದಿನ ಮಾಡುವ ಮದ್ದು ಸೊಪ್ಪಿನ ಪಾಯಸ ತಂದಾಗ ನಾನು ಮೊದಲು ಮೆಷಿನ್ನಿಗೆ ಮುಸುಕು ಹಾಕಿ ಆಮೇಲೆ ಬಟ್ಟಲು ತೆಗೆದುಕೊಂಡೆ. ಆ ನೇರಳೆ ಬಣ್ಣದ ಒಂದು ಹನಿ ಬಿದ್ದಿದ್ದರೂ ನನ್ನ ಎರಡು ತಿಂಗಳ ಕೆಲಸ ಹೋಗುತ್ತಿತ್ತು.

ಮದುವೆಯ ಬೆಳಿಗ್ಗೆ ದಾರ ಕಟ್ಟಲು ಅರ್ಧ ಗಂಟೆ ಇಟ್ಟುಕೊಳ್ಳಿ. ಒಬ್ಬರೇ ಕಟ್ಟಿಕೊಳ್ಳಲು ಆಗದು. ಮೇಲಿನಿಂದ ಸೊಂಟಕ್ಕೆ, ಕೆಳಗಿನಿಂದ ಸೊಂಟಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ ಬಂದು ಸೊಂಟದಲ್ಲೇ ಗಂಟು ಹಾಕಬೇಕು. ನನಗೆ ಕಟ್ಟಿದ್ದು ಅದೇ ಆಂಟಿ. ಕೊಡವ ಸೀರೆಯ ನೆರಿಗೆಯನ್ನು ಹಿಂದೆ ಹಿಡಿದು ಎಷ್ಟೋ ಮದುಮಕ್ಕಳಿಗೆ ಉಡಿಸಿದ ಕೈ ಅವರದು. ಎರಡು ಸಲ ಎಳೆದು, ನನ್ನ ಬೆನ್ನಿಗೆ ಅಂಗೈ ಇಟ್ಟು, "ಉಸಿರು ತಕ್ಕೊ ನೋಡುವಾ" ಅಂದರು. ತೆಗೆದುಕೊಂಡೆ. ಆಮೇಲೆ ಗಂಟು ಹಾಕಿದರು.