ರಾತ್ರಿ ಪಂಪ್‌ಗಳನ್ನು ಹಗಲಿಗೆ ತಂದ ಲೆಕ್ಕ

ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್. ಸುಮಾರು 13 ಸಾವಿರ ಎಕರೆ, ಐದು ಹಳ್ಳಿಗಳ ಜಮೀನು. ನಾನು ಕೆಲಸ ಮಾಡುವ ಮಧುಗಿರಿ ಕಡೆಗೆ ಅದು ಪಕ್ಕದ ತಾಲ್ಲೂಕು. ಹಾಗಾಗಿ ಯಾವ ಹಳ್ಳಿಗೆ ಹೋದರೂ ಒಂದೇ ಪ್ರಶ್ನೆ: "ಪಕ್ಕದಲ್ಲೇ ಅಷ್ಟು ಕರೆಂಟ್ ಹುಟ್ಟುತ್ತೆ, ನಮಗ್ಯಾಕೆ ಸಾರ್ ರಾತ್ರಿ ಹನ್ನೆರಡಕ್ಕೆ ತ್ರೀ ಫೇಸ್ ಕೊಡ್ತೀರಾ?" ಪಂಪ್ ಓಡೋಕೆ ಬೇಕಾದದ್ದು ಆ ತ್ರೀ ಫೇಸ್ ಕರೆಂಟು. ರಾತ್ರಿ ಹೊಲಕ್ಕೆ ಹೋದರೆ ಹಾವು, ಚಿರತೆ, ಕರಡಿ. ಅವರು ಕೇಳೋದರಲ್ಲಿ ತಪ್ಪೇನೂ ಇಲ್ಲ.

ಉತ್ತರ ಮಾತ್ರ ಸ್ವಲ್ಪ ಉದ್ದ. ಪಾರ್ಕಿನ ಕರೆಂಟು 220 ಕೆವಿಗೆ, ಅಲ್ಲಿಂದ 400 ಕೆವಿಗೆ ಏರಿ ದೊಡ್ಡ ಗ್ರಿಡ್‌ಗೆ ಹೋಗಿಬಿಡುತ್ತದೆ. ಅದು ಹಳ್ಳಿಗೆ ಇಳಿದು ಬರಬೇಕಾದರೆ 220 ಕೆವಿ ಸ್ಟೇಷನ್, 66 ಕೆವಿ ಲೈನು, ನಮ್ಮ ಸ್ಟೇಷನ್ನಿನ ಪವರ್ ಟ್ರಾನ್ಸ್‌ಫಾರ್ಮರ್, 11 ಕೆವಿ ಫೀಡರ್ (ಸ್ಟೇಷನ್ನಿನಿಂದ ಹಳ್ಳಿ ಕಡೆ ಹೊರಡುವ ಲೈನು), ಟಿಸಿ ಅಂದರೆ ಹಳ್ಳಿಯ ಸಣ್ಣ ಟ್ರಾನ್ಸ್‌ಫಾರ್ಮರ್, ಇಷ್ಟನ್ನೂ ದಾಟಬೇಕು. ಕರೆಂಟ್ ಎಷ್ಟು ತಯಾರಾದರೂ ಈ ದಾರಿಯಲ್ಲಿ ಎಲ್ಲಿ ಇಕ್ಕಟ್ಟೋ ಅಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲಿ ಇಕ್ಕಟ್ಟಾಗಿದ್ದು ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್.

ನಾನು ವಿತರಣಾ ಕಂಪನಿಯ ಎಂಜಿನಿಯರ್. ಒಂದು 66/11 ಕೆವಿ ಸ್ಟೇಷನ್ನಿನ ಐಪಿ ಫೀಡರ್‌ಗಳನ್ನೆಲ್ಲ, ಅಂದರೆ ಪಂಪ್‌ಸೆಟ್‌ಗಳ ಲೈನುಗಳನ್ನೆಲ್ಲ, ಹಗಲಿಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಹೇಗೆ ಮಾಡಿದೆವು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಅಂತ ದುಂಡು ಮಾಡಿದ್ದೇನೆ.

ಮೊದಲು ರಾತ್ರಿ ಕರೆಂಟ್ ಯಾಕೆ ಅನ್ನೋದು. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳನ್ನು ರಾತ್ರಿ ಆರಿಸಿ ಬೆಳಿಗ್ಗೆ ಹೊತ್ತಿಸೋಕೆ ಆಗೋದಿಲ್ಲ. ರಾತ್ರಿ ಊರೆಲ್ಲ ಮಲಗಿದಾಗ ಆ ಕರೆಂಟನ್ನು ಎಲ್ಲಾದರೂ ಖರ್ಚು ಮಾಡಬೇಕಿತ್ತು, ಅದಕ್ಕೆ ಸಿಕ್ಕಿದ್ದು ಪಂಪ್‌ಸೆಟ್. ರಾಜ್ಯದಲ್ಲಿ 30 ಲಕ್ಷಕ್ಕೂ ಜಾಸ್ತಿ ಇವೆ, ಸಣ್ಣ ಲೋಡೇನಲ್ಲ. ದಿನಕ್ಕೆ 7 ಗಂಟೆ ತ್ರೀ ಫೇಸ್ ಕೊಡಬೇಕು, ಪಾಳಿ ಮಾಡಿ ಕೊಡುತ್ತಿದ್ದೆವು: ಅರ್ಧ ಫೀಡರ್ ಹಗಲು, ಅರ್ಧ ಫೀಡರ್ ರಾತ್ರಿ. ಆಮೇಲೆ ಸೋಲಾರ್ ಬಂತು. 2014ರ ಸೋಲಾರ್ ನೀತಿಯ ಹೊತ್ತಿಗೆ ಹೆಸರಿಗಷ್ಟೇ ಇದ್ದದ್ದು 2020ರಲ್ಲಿ 7 ಸಾವಿರ ಮೆಗಾವ್ಯಾಟ್ ದಾಟಿತ್ತು. ಈಗ ಅಗ್ಗದ ಕರೆಂಟು ಇರೋದು ಮಧ್ಯಾಹ್ನ, ಪರದಾಟ ಇರೋದು ಸಂಜೆ. ಹಾಗಿರುವಾಗ ಪಂಪ್‌ಗಳು ರಾತ್ರಿ ಓಡೋದರಲ್ಲಿ ಅರ್ಥವೇ ಇಲ್ಲ.

ಆದರೆ ಪಾಳಿ ಪದ್ಧತಿ ಇನ್ನೊಂದು ಕೆಲಸವನ್ನೂ ಮಾಡಿಟ್ಟಿತ್ತು. ಸ್ಟೇಷನ್ ಕಟ್ಟಿದವರು ಟ್ರಾನ್ಸ್‌ಫಾರ್ಮರ್ ಅಳತೆ ಹಾಕಿದ್ದೇ ಅರ್ಧ ಪಂಪ್‌ಗಳ ಲೆಕ್ಕದಲ್ಲಿ. ಎಲ್ಲರಿಗೂ ಹಗಲೇ ಕೊಡಿ ಅಂತ ಆದೇಶ ಬರೆಯೋಕೆ ಎರಡು ಸಾಲು ಸಾಕು, ಟ್ರಾನ್ಸ್‌ಫಾರ್ಮರ್ ಆ ಆದೇಶ ಓದೋದಿಲ್ಲವಲ್ಲ.

ಹಾಗಾಗಿ ಸ್ಟೇಷನ್ನಿನ ಲಾಗ್ ಬುಕ್ಕಿನಿಂದ ಶುರು ಮಾಡಿದೆ. ಗಂಟೆಗೊಮ್ಮೆ ಪ್ರತಿ ಫೀಡರ್‌ನ ಆಂಪಿಯರ್ ಬರೆಯುವ ಆ ಉದ್ದನೆಯ ಪುಸ್ತಕ. ಕಂಪ್ಯೂಟರಿನಲ್ಲೂ ಅಂಕಿ ಸಿಗುತ್ತದೆ, ಆದರೆ 'ಷರಾ' ಅಂತ ಒಂದು ಕಾಲಂ ಇರೋದು ಪುಸ್ತಕದಲ್ಲಿ ಮಾತ್ರ. "ಓವರ್‌ಲೋಡ್, ಎಫ್4 ಆಫ್ ಮಾಡಿದೆ", "ಮಳೆ, ಎಲ್ಲಾ ಐಪಿ ಲೋಡ್ ಇಲ್ಲ". ಆಪರೇಟರ್ ಕೈಬರಹದ ಆ ಸಾಲುಗಳಿಂದ ನನಗೆ ತಿಳಿದಷ್ಟು ಯಾವ ಗ್ರಾಫಿನಿಂದಲೂ ತಿಳಿಯಲಿಲ್ಲ. ವರ್ಷದ ಸರಾಸರಿಯನ್ನು ನೋಡಲೇ ಇಲ್ಲ. ಬರೀ ಮಾರ್ಚ್. ಬೋರ್‌ವೆಲ್ ಎಲ್ಲ ಓಡುವ, ಟ್ರಾನ್ಸ್‌ಫಾರ್ಮರ್ ಎಣ್ಣೆ ಬಿಸಿಯಾಗುವ ತಿಂಗಳು ಅದು.

ಸ್ಟೇಷನ್ನಿನಲ್ಲಿದ್ದದ್ದು ಒಂದು 12.5 ಎಂವಿಎ ಟ್ರಾನ್ಸ್‌ಫಾರ್ಮರ್. 11 ಕೆವಿ ಕಡೆ ಅದು ಕೊಡಬಹುದಾದದ್ದು 656 ಆಂಪಿಯರ್. ಆರು ಐಪಿ ಫೀಡರ್, ಮಾರ್ಚ್‌ನಲ್ಲಿ ಒಂದೊಂದೂ 140 ಆಂಪಿಯರ್. ಹಳ್ಳಿ ಮನೆಗಳಿಗೆ ದಿನವಿಡೀ ಕರೆಂಟ್ ಕೊಡುವ ನಿರಂತರ ಜ್ಯೋತಿ ಫೀಡರ್ ಮತ್ತು ಊರಿನ ಫೀಡರ್ ಸೇರಿ 150. ಮೂರು ಮೂರರ ಪಾಳಿಯಲ್ಲಿ 570, ಆರಾಮ. ಆರನ್ನೂ ಒಟ್ಟಿಗೆ ಬಿಟ್ಟರೆ 990. ಮುಗಿಯಿತು ಕಥೆ.

ಇನ್ನೊಂದು 12.5 ಹಾಕಿ ಅಂತ ಯಾರಾದರೂ ಹೇಳಬಹುದು. ನಾವೂ ಕೇಳಿದೆವು. ಸ್ಟೇಷನ್ ಪ್ರಸರಣ ನಿಗಮದ್ದು, ಫೀಡರ್ ನಮ್ಮದು, ಕಾಗದ ಎರಡೂ ಕಡೆ ಓಡಾಡಬೇಕು. ಅದು ಬಂದರೂ ಮೇಲಿನ 66 ಕೆವಿ ಲೈನು ಹಳೇ ಕೊಯೋಟ್ ಅನ್ನುವ ಬಗೆಯ ತಂತಿಯದು, ಅದೇ ಲೈನಿನಲ್ಲಿ ಇನ್ನೆರಡು ಸ್ಟೇಷನ್ ಇವೆ. ಅವರೂ ಹಗಲಿಗೆ ಬಂದರೆ ಇಕ್ಕಟ್ಟು ಒಂದು ಮೆಟ್ಟಿಲು ಮೇಲೆ ಹೋಗುತ್ತದೆ ಅಷ್ಟೇ.

ಹಾಗಾಗಿ ಕುಸುಮ್ ಸಿ, ಅಂದರೆ ಪಂಪ್ ಫೀಡರ್‌ಗಳಿಗೆ ಸೋಲಾರ್ ಕರೆಂಟ್ ಕೊಡುವ ಕೇಂದ್ರದ ಯೋಜನೆ, ಆ ದಾರಿ ಹಿಡಿದೆವು. ಸ್ಟೇಷನ್ ಹತ್ತಿರದ ಜಾಗದಲ್ಲಿ 5 ಮೆಗಾವ್ಯಾಟ್ ಸೋಲಾರ್, ಕರೆಂಟು ನೇರ ನಮ್ಮ 11 ಕೆವಿ ಬಸ್‌ಗೆ, ಅಂದರೆ ಫೀಡರ್‌ಗಳೆಲ್ಲ ಹೊರಡುವ ಸ್ಟೇಷನ್ನಿನ ಪಟ್ಟಿಗೆ. ಮೆಗಾವ್ಯಾಟ್‌ಗೆ 4 ಎಕರೆ ಅಂದರೂ 20 ಎಕರೆ ಸಾಕು. ಅದು ಟ್ರಾನ್ಸ್‌ಫಾರ್ಮರ್‌ನಿಂದ ಕೆಳಗೇ ಹುಟ್ಟಿ ಕೆಳಗೇ ಖರ್ಚಾಗುತ್ತದೆ, ಮೇಲಿನ ದಾರಿಗೆ ಭಾರವೇ ಇಲ್ಲ.

5 ಮೆಗಾವ್ಯಾಟ್ ಅಂದರೆ 262 ಆಂಪಿಯರ್. 990ರಲ್ಲಿ ಕಳೆದರೆ 728, ಸ್ವಲ್ಪ ಎಳೆದಾಡಿದರೆ ಹೊಂದುತ್ತದೆ ಅಂತ ಮೀಟಿಂಗಿನಲ್ಲಿ ಒಬ್ಬರು ಹೇಳಿದರು. ಹಾಗೆ ಕಳೆಯೋಕೆ ಬರೋದಿಲ್ಲ. ಪಂಪ್ ಮೋಟಾರು ಎಳೆಯುವ ಕರೆಂಟಿನಲ್ಲಿ ಎರಡು ಪಾಲಿವೆ. ಒಂದು ನೀರೆತ್ತುವ ಪಾಲು. ಇನ್ನೊಂದು ಮೋಟಾರಿನೊಳಗೆ ಅಯಸ್ಕಾಂತ ಎಬ್ಬಿಸುವ ಪಾಲು, ಅದೇ ರಿಯಾಕ್ಟಿವ್. ಇದು ಯೂನಿಟ್ ಲೆಕ್ಕಕ್ಕೆ ಬರೋದಿಲ್ಲ, ಆದರೆ ಟಿಕೆಟ್ ಇಲ್ಲದ ಮೂಟೆ ಬಸ್ಸಿನ ಸೀಟು ಹಿಡಿದ ಹಾಗೆ ತಂತಿಯಲ್ಲಿ ಜಾಗ ಹಿಡಿಯುತ್ತದೆ. ಸೋಲಾರ್ ಇನ್ವರ್ಟರ್ ಸಾಮಾನ್ಯವಾಗಿ ಕೊಡೋದು ಮೊದಲನೇ ಪಾಲು ಮಾತ್ರ.

ಹೈಸ್ಕೂಲಿನ ಲಂಬಕೋನ ತ್ರಿಭುಜ ನೆನಪಿಸಿಕೊಳ್ಳಿ: ಎರಡು ಪಾಲು ಎರಡು ಭುಜ, ಒಟ್ಟು ಕರೆಂಟು ಕರ್ಣ. ನಮ್ಮ ಲೋಡಿನ ಪವರ್ ಫ್ಯಾಕ್ಟರ್, ಅಂದರೆ ಒಟ್ಟು ಕರೆಂಟಿನಲ್ಲಿ ಕೆಲಸದ ಪಾಲು, 0.8. ಅಂದರೆ 990 ಆಂಪಿಯರ್‌ನಲ್ಲಿ ನಿಜವಾದ ಕೆಲಸದ ಪಾಲು 792, ರಿಯಾಕ್ಟಿವ್ 594. ಸೋಲಾರ್‌ನ 262 ಕಳೆಯೋದು 792ರಲ್ಲಿ, ಉಳಿಯೋದು 530. ರಿಯಾಕ್ಟಿವ್ 594 ಹಾಗೇ ಇದೆ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 796. ಪೂರ್ತಿ ಬಿಸಿಲಿನಲ್ಲೂ ಟ್ರಾನ್ಸ್‌ಫಾರ್ಮರ್ ಓವರ್‌ಲೋಡ್! ಜೊತೆಗೆ ಮೀಟರಿನಲ್ಲಿ ಪವರ್ ಫ್ಯಾಕ್ಟರ್ 0.67 ಅಂತ ಬರುತ್ತದೆ. ಸೋಲಾರ್ ಬಂದಮೇಲೆ ಪವರ್ ಫ್ಯಾಕ್ಟರ್ ಕೆಟ್ಟಿತು ಅಂತ ಗಾಬರಿಯಾಗುವವರು ಇದನ್ನೇ ನೋಡೋದು. ಕೆಟ್ಟಿದ್ದೇನೂ ಇಲ್ಲ, ಒಳ್ಳೆ ಪಾಲು ಕಡಿಮೆಯಾಗಿ ಹಳೇ ಮೂಟೆ ಎದ್ದು ಕಾಣುತ್ತಿದೆ ಅಷ್ಟೇ.

ಮದ್ದು ಹೊಸದಲ್ಲ. 11 ಕೆವಿ ಬಸ್‌ಗೆ ಕೆಪಾಸಿಟರ್ ಬ್ಯಾಂಕ್, ರಿಯಾಕ್ಟಿವ್ ಪಾಲನ್ನು ಅಲ್ಲೇ ಒದಗಿಸುವ ಸಾಧನ. 5 ಎಂವಿಎಆರ್ (ಇದು ರಿಯಾಕ್ಟಿವ್‌ನ ಅಳತೆ), ಅಂದರೆ 262 ಆಂಪಿಯರ್‌ನದು, ಹಾಕಿದರೆ ರಿಯಾಕ್ಟಿವ್ 594ರಿಂದ 332ಕ್ಕೆ ಇಳಿಯುತ್ತದೆ. ಈಗ ತ್ರಿಭುಜ ಹಾಕಿದರೆ 625. 656ರ ಒಳಗೆ ಬಂತು. ಸೋಲಾರ್‌ಗೆ ಪೇಪರಿನಲ್ಲಿ ಫೋಟೋ ಬರುತ್ತದೆ, ಕೆಪಾಸಿಟರ್‌ಗೆ ಯಾರೂ ರಿಬ್ಬನ್ ಕತ್ತರಿಸೋದಿಲ್ಲ. ಆದರೆ ನಮ್ಮ ಸ್ಟೇಷನ್ನಿನಲ್ಲಿ ಒಂದಿಲ್ಲದೆ ಇನ್ನೊಂದರಿಂದ ಏನೂ ಪ್ರಯೋಜನವಿರಲಿಲ್ಲ.

ಇನ್ನು ಹೊತ್ತಿನ ಪ್ರಶ್ನೆ. ಬೆಳಿಗ್ಗೆ ಎಂಟಕ್ಕೆ ಪ್ಯಾನೆಲ್‌ಗಳು ಇನ್ನೂ ಕಣ್ಣುಜ್ಜುತ್ತಿರುತ್ತವೆ, ಆಗ ಆರು ಫೀಡರ್ ಬಿಡೋಕಾಗೋದಿಲ್ಲ. ಮೂರು ಫೀಡರ್‌ಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 3, ಇನ್ನು ಮೂರಕ್ಕೆ 10ರಿಂದ ಸಂಜೆ 5 ಅಂತ ಮಾಡಿದೆವು. ಎಲ್ಲರಿಗೂ 7 ಗಂಟೆ ಸಿಕ್ಕಿತು. ಆರೂ ಒಟ್ಟಿಗೆ ಓಡೋದು 10ರಿಂದ 3ರವರೆಗೆ. ಅದರಲ್ಲೂ 10 ಗಂಟೆಯ ಹೊತ್ತಿಗೆ ಬಿಗಿ. ಅದಕ್ಕೇ ಎರಡನೇ ಗುಂಪಿನ ಮೂರನ್ನೂ ಒಟ್ಟಿಗೆ ಬಿಡದೆ, ಆಪರೇಟರ್ ಮೀಟರ್ ನೋಡಿಕೊಂಡು ಒಂದೊಂದಾಗಿ ಚಾರ್ಜ್ ಮಾಡುತ್ತಾರೆ. ಬೆಳಿಗ್ಗೆ ತಡವಾದಷ್ಟು ಸಂಜೆ ಸೇರಿಸಿ ಕೊಡುತ್ತಾರೆ.

ಇಲ್ಲಿ ಅಡ್ಡ ಬಂದದ್ದು ಆಟೋ ಸ್ಟಾರ್ಟರ್. ತ್ರೀ ಫೇಸ್ ಬಂದ ಕ್ಷಣ ಮೋಟಾರು ತಾನೇ ಶುರುವಾಗುವ ಪೆಟ್ಟಿಗೆ. ಫೀಡರ್ ಚಾರ್ಜ್ ಮಾಡಿದ ಕೂಡಲೇ ಅದರ ಮೇಲಿನ ಪಂಪ್‌ಗಳೆಲ್ಲ ಒಟ್ಟಿಗೆ ಎದ್ದು, ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆದು, ಫೀಡರ್ ಅಲ್ಲೇ ಟ್ರಿಪ್. ಪಂಚಾಯಿತಿ ಕಟ್ಟೆಯಲ್ಲಿ ಕೂತು ಹೇಳಿದೆ: "ಯಜಮಾನ್ರೇ, ಆಟೋ ತೆಗೀರಿ, ಕೈಯಲ್ಲೇ ಹಾಕ್ಕೊಳ್ಳಿ." ಒಬ್ಬ ಹಿರಿಯರು ಬೀಡಿ ಆರಿಸಿ ಹೇಳಿದರು, "ನೀವು ಹೇಳಿದ ಹೊತ್ತಿಗೆ ಕರೆಂಟ್ ಬಂದಿದ್ರೆ ನಾವು ಆಟೋಗೆ ಯಾಕೆ ದುಡ್ಡು ಹಾಕ್ತಿದ್ವಿ ಸಾರ್?" ಕಟ್ಟೆ ತುಂಬ ನಗು. ನಾನೂ ನಕ್ಕೆ, ಇನ್ನೇನು ಹೇಳೋದು. ವೇಳಾಪಟ್ಟಿ ತಪ್ಪದೆ ನಡೆದಮೇಲೆ ಸುಮಾರು ಜನ ಆಟೋ ಬಿಟ್ಟರು. ಹಗಲು ಹೇಗೂ ಹೊಲದಲ್ಲೇ ಇರುತ್ತಾರಲ್ಲ. ಎಲ್ಲರೂ ಬಿಟ್ಟಿಲ್ಲ.

ಆಟೋ ಬಗ್ಗೆ ನಾನು ಇಷ್ಟು ಹಟ ಹಿಡಿಯೋಕೆ ಇನ್ನೊಂದು ಕಾರಣವಿದೆ. 66 ಕೆವಿ ಲೈನು ಒಂದು ಸಲ ಹೋಗಿ ಬಂದರೆ ಸೋಲಾರ್ ಇನ್ವರ್ಟರ್‌ಗಳು ತಕ್ಷಣ ಸೇರಿಕೊಳ್ಳೋದಿಲ್ಲ. ಗ್ರಿಡ್ ನೆಟ್ಟಗಿದೆಯಾ ಅಂತ ಕೆಲವು ನಿಮಿಷ ನೋಡಿ ಆಮೇಲೆ ಬರುತ್ತವೆ. ಪಂಪ್‌ಗಳು ಮಾತ್ರ ಆ ಕ್ಷಣವೇ ಹಾಜರ್. ಅಂದರೆ ಲೋಡ್ ಮೊದಲು, ಬಿಸಿಲು ಆಮೇಲೆ. ಅದಕ್ಕೆ ಕಂಟ್ರೋಲ್ ರೂಮ್ ಗೋಡೆಗೆ ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಅಂಟಿಸಿದ್ದೇವೆ: ಸಪ್ಲೈ ಬಂದಮೇಲೆ ಮೂರು ಐಪಿ ಫೀಡರ್ ಮಾತ್ರ, ಸೋಲಾರ್ ಮೀಟರ್ ಏರಿದ ಮೇಲೆ ಉಳಿದವು. ಮಧ್ಯಾಹ್ನ ದಟ್ಟ ಮೋಡ ಬಂದು ಸೋಲಾರ್ ಬಿದ್ದರೆ ಎರಡು ಐಪಿ ಫೀಡರ್ ಕೂಡಲೇ ಆಫ್. ಯಾವ ಎರಡು ಅನ್ನೋದು ದಿನಕ್ಕೊಂದು ಜೋಡಿಯಂತೆ ಬದಲಾಗುತ್ತದೆ, ಇಲ್ಲದಿದ್ದರೆ ಒಂದೇ ಊರಿನವರು ಬಂದು ಗೇಟಿನ ಮುಂದೆ ಕೂರುತ್ತಾರೆ, ಅಲ್ವಾ.

ಮಳೆಗಾಲದ್ದು ತದ್ವಿರುದ್ಧ. ಪಂಪ್ ಓಡೋದಿಲ್ಲ, ಆದರೆ ಮೋಡ ಸರಿದ ದಿನ ಸೋಲಾರ್ ಪೂರ್ತಿ ಬರುತ್ತದೆ. ಊರಿನ ಲೋಡ್ ಕಳೆದು ಮಿಕ್ಕಿದ್ದು ಟ್ರಾನ್ಸ್‌ಫಾರ್ಮರ್ ಮೂಲಕ 66 ಕೆವಿಗೆ ವಾಪಸ್ ಹತ್ತುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಅದು ತೊಂದರೆಯಲ್ಲ. ಆದರೆ ಆ ಹೊತ್ತಿನಲ್ಲಿ ಕೆಪಾಸಿಟರ್ ಆನ್ ಇದ್ದರೆ ವೋಲ್ಟೇಜ್ ಏರಿ ಮನೆಗಳ ಬಲ್ಬು ಸುಡುತ್ತದೆ. ಹಾಗಾಗಿ ಬ್ಯಾಂಕನ್ನು ಭಾಗ ಮಾಡಿ, ಬೇಕಾದಷ್ಟೇ ಸೇರಿಸುವ ಹಾಗೆ ಮಾಡಿಸಿದೆವು. ಮೀಟರ್ ಎರಡೂ ದಿಕ್ಕಿಗೆ ಓದುವಂಥದ್ದೇ ಇರಬೇಕು, ಇದನ್ನು ಮೊದಲೇ ಬರೆಸಿಕೊಳ್ಳಿ.

ಸಂಜೆಯ ಪೀಕ್‌ಗೆ ಇದರಿಂದ ಉತ್ತರ ಸಿಗೋದಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯದ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿದ್ದು ಗೊತ್ತೇ ಇದೆ. ಬಿಸಿಲು ಇಳಿದಮೇಲೆ ಶರಾವತಿಯ ಹತ್ತು ಯಂತ್ರಗಳ 1,035 ಮೆಗಾವ್ಯಾಟ್ ಎಷ್ಟು ಬೆಲೆಯದು ಅಂತ ರಾಜ್ಯದ ಕರೆಂಟ್ ಹಂಚುವ ಲೋಡ್ ಡಿಸ್ಪ್ಯಾಚ್‌ನಲ್ಲಿ ಕೂತವರನ್ನು ಕೇಳಿ. ತಳಕಳಲೆ, ಗೇರುಸೊಪ್ಪೆ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಹಗಲು ನೀರು ಮೇಲೆತ್ತಿಟ್ಟು ಸಂಜೆ ಇಳಿಸಿ ಕರೆಂಟ್ ಮಾಡುವ ಯೋಜನೆ) ಬೇಕೋ ಬೇಡವೋ ಅನ್ನುವ ಜಗಳದಲ್ಲಿ ನಾನು ಇಲ್ಲಿ ಬೀಳೋದಿಲ್ಲ. ನನ್ನ ಮಾತು ಇಷ್ಟೇ: ಕಾಡಿನಲ್ಲಿ ಹೊಸದು ತೋಡುವ ಮೊದಲು, ರಾತ್ರಿ ಓಡುವ ಪಂಪ್‌ಗಳನ್ನೆಲ್ಲ ಬಿಸಿಲಿಗೆ ತಂದುಬಿಡಿ. ಹಗಲು ಎತ್ತಿದ ನೀರು ಕೃಷಿ ಹೊಂಡದಲ್ಲಿ ನಿಂತರೆ ಅದೂ ಒಂದು ಸ್ಟೋರೇಜೇ.

ನಮ್ಮ 66 ಕೆವಿ ಲೈನಿನ ಮೇಲಿನ ಇನ್ನೆರಡು ಸ್ಟೇಷನ್‌ಗಳಿಗೂ ಈಗ ಸೋಲಾರ್ ಅರ್ಜಿ ಬಂದಿವೆ. ಮಾರ್ಚ್‌ನಲ್ಲಿ ಇದು ಲೈನಿಗೆ ಉಪಕಾರ. ಅಕ್ಟೋಬರ್‌ನಲ್ಲಿ ಮೂರೂ ಕಡೆಯಿಂದ ಒಟ್ಟಿಗೆ ವಾಪಸ್ ಹರಿದರೆ ಆ ಕೊಯೋಟ್ ತಂತಿ ಎಷ್ಟು ತಡೆದೀತು ಅನ್ನುವ ಲೋಡ್ ಫ್ಲೋ ಲೆಕ್ಕ ನಡೆಯುತ್ತಿದೆ. ಅದು ಬರುವ ತನಕ ಮೂರನೇ ಸ್ಟೇಷನ್ನಿನ ಫೈಲಿಗೆ ಸಹಿ ಹಾಕಿಲ್ಲ.