ಬೆಂಗಳೂರಿನ ಹಸಿಕಸ ನಮ್ಮ ತೋಟದ ಗೊಬ್ಬರ ಆಗಿದ್ದು ಹೀಗೆ

ಕೋಲಾರದ ಹತ್ತಿರ ನಮ್ಮದು ಟೊಮೆಟೊ ತೋಟ, ಪಕ್ಕದಲ್ಲೇ ಹಿಪ್ಪುನೇರಳೆ. ಹಸುಗಳು ಕಮ್ಮಿಯಾದ ಮೇಲೆ ತಿಪ್ಪೆ ಗೊಬ್ಬರ ಸಾಲುತ್ತಿರಲಿಲ್ಲ. ಅದಕ್ಕೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಿಂದ ಹಸಿಕಸ ತರಿಸೋಣ ಅಂದುಕೊಂಡೆ.

ಊರಲ್ಲಿ ಯಾರಿಗೂ ಇಷ್ಟವಾಗಲಿಲ್ಲ. ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪಿನಲ್ಲಿ 2018ರಿಂದ ನಮ್ಮ ಕಡೆ ಕೆರೆಗಳಿಗೆ ಬರುತ್ತಿದೆ. "ಅವರ ಬಚ್ಚಲು ನೀರಾಯ್ತು, ಈಗ ಕಸಾನೂ ತರ್ತೀಯೇನಪ್ಪಾ? ಮಂಡೂರು ನೆನಪಿಲ್ವಾ?" ಅಂದರು ಚಿಕ್ಕಪ್ಪ. ಅವರ ಭಯ ಸುಮ್ನೆ ಅಲ್ಲ. ಬೆಂಗಳೂರಿನ ಹತ್ತಿರದ ಮಂಡೂರಿನಲ್ಲಿ ನಗರದ ಎಲ್ಲ ಕಸ ಬೆರೆಸಿ ಸುರಿದು, ಜನ ಬೀದಿಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ಅದು ನಿಂತಿದ್ದು.

ಮೊದಲ ಲೋಡು ನೋಡಿ ನನಗೂ ಅಳು ಬಂತು. ಡೈಪರ್, ಬ್ಲೇಡು, ಹಾಲಿನ ಕವರು, ಸಾಂಬಾರ್ ಸಮೇತ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ. ಮೂರು ದಿನ ಕೂತು ಆರಿಸಿದೆವು, ಅಮ್ಮನ ಬೆರಳಿಗೆ ಗಾಜು ಹೊಕ್ಕಿತು. ಮುಂದಿನ ವಾರ ನಾನೇ ಹೋಗಿ ಬೆಳಗ್ಗೆ ಅಲ್ಲಿನ ಕಸದ ಡಬ್ಬಗಳ ಹತ್ತಿರ ನಿಂತು, ಬಂದವರಿಗೆಲ್ಲ ಅಮ್ಮನ ಬೆರಳಿನ ಫೋಟೊ ತೋರಿಸಿದೆ. ಹಸಿ, ಒಣ, ಅಪಾಯದ ಕಸ ಮನೆಯಲ್ಲೇ ಬೇರೆ ಮಾಡಬೇಕು ಅಂತ 2016ರ ನಿಯಮದಲ್ಲೇ ಇತ್ತು, ಆದರೆ ಜನರ ಮನಸ್ಸಿಗೆ ತಟ್ಟಿದ್ದು ಅಮ್ಮನ ಬೆರಳು.

ಈಗ ಮಾಡುವ ರೀತಿ ಇದು. ಬಾವಿಯಿಂದ ದೂರ, ಎತ್ತರದ ಜಾಗ. ಗಾಳಿಯಾಡಲಿ ಅಂತ ಕೆಳಗೆ ಒಂದು ಗೇಣು ಹಿಪ್ಪುನೇರಳೆ ಕಡ್ಡಿ. ಅದರ ಮೇಲೆ ಒಂದು ಬುಟ್ಟಿ ಹಸಿಕಸಕ್ಕೆ ಎರಡು ಬುಟ್ಟಿ ಒಣ ಎಲೆ, ರಾಗಿ ಹುಲ್ಲು, ಮೇಲೆ ಸೆಗಣಿ ನೀರು. ಎದೆಮಟ್ಟ ಬರುವ ತನಕ ಹೀಗೇ ಪದರ ಪದರ. ಮೂರನೇ ದಿನ ರಾಶಿಯೊಳಗೆ ಕಬ್ಬಿಣದ ಸಲಾಕೆ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಕೈಯಲ್ಲಿ ಹಿಡಿಯೋಕಾಗಬಾರದು. ಒಳಗೆ 55ರಿಂದ 65 ಡಿಗ್ರಿ ಬಿಸಿ ಬಂದರೇನೇ ರೋಗದ ಕ್ರಿಮಿ, ಕಳೆ ಬೀಜ ಸಾಯೋದು. ಅಂಚಿನಲ್ಲಿ ಅಷ್ಟು ಬಿಸಿ ಇರಲ್ಲ, ಅದಕ್ಕೇ ವಾರಕ್ಕೊಮ್ಮೆ ಹೊರಗಿನದು ಒಳಗೆ ಹೋಗುವ ಹಾಗೆ ಮಗುಚುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಕೊಳೆತ ಮೊಟ್ಟೆ ವಾಸನೆ ಬಂದರೆ ನೀರು ಜಾಸ್ತಿ, ಗಾಳಿ ಕಮ್ಮಿ ಅಂತ ಅರ್ಥ. ಒಣ ಎಲೆ ಹಾಕಿ ಮಗುಚಿದರೆ ಎರಡು ದಿನದಲ್ಲಿ ಹೋಗುತ್ತದೆ.

ಒಂದು ಸಲ ಅವಸರಪಟ್ಟು ಅರೆಬರೆ ಗೊಬ್ಬರ ಹಾಕಿದೆ, ಟೊಮೆಟೊ ಸಸಿಯೆಲ್ಲ ಹಳದಿಯಾಯಿತು. ಗೊಬ್ಬರ ಮಣ್ಣಿನಲ್ಲಿ ಇನ್ನೂ ಕೊಳೆಯುತ್ತಾ ಗಿಡದ ಸಾರಜನಕ ಕಿತ್ತುಕೊಂಡಿತ್ತು. ಮೂರು ತಿಂಗಳು ಕಾಯಲೇಬೇಕು.

ಜರಡಿಯಲ್ಲಿ ಉಳಿದ ಪ್ಲಾಸ್ಟಿಕ್, ಗಾಜಿನ ಚೂರನ್ನು ಚೀಲಕ್ಕೆ ತುಂಬಿ ಅದೇ ಗಾಡಿಯಲ್ಲಿ ವಾಪಸ್ ಕಳಿಸುತ್ತೇನೆ. ಮೊದಲ ಸಲ ಎಂಟು ಚೀಲ ಇತ್ತು. ಹೋದ ತಿಂಗಳು ಅರ್ಧ ಚೀಲ.