ನಾಯಿ ಜೊತೆ ಊರೂರು ಸುತ್ತಿ ಪ್ರವಾಸ ಕಥನ ಬರೆಯುವುದು ಹೇಗೆ

ನಾಯಿ ಜೊತೆಗಿದ್ದರೆ ದಿನಕ್ಕೆ 200ರಿಂದ 250 ಕಿಲೋಮೀಟರು, ಅದಕ್ಕಿಂತ ಹೆಚ್ಚಿನ ಲೆಕ್ಕ ಹಾಕಬೇಡಿ. ಬೆಂಗಳೂರಿನಲ್ಲಿ ನಸುಕಿಗೆ ಹೊರಟು ರಾತ್ರಿಯೊಳಗೆ ಗೋಕರ್ಣ ಮುಟ್ಟಬಹುದು, ನಿಜ. ಆದರೆ ಅಷ್ಟು ಹೊತ್ತಿಗೆ ನಾಯಿ ಸುಸ್ತಾಗಿರುತ್ತದೆ, ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲೂ ಬಿದ್ದಿರುವುದಿಲ್ಲ. ನಾಯಿಗೆ ಹೊಂದುವ ವೇಳೆಯೇ ಬರೆಯುವವರಿಗೂ ಹೊಂದುತ್ತದೆ. ಹಾಗಾಗಿ ಮೊದಲು ನಾಯಿಯ ದಿನಚರಿ ಗೊತ್ತುಮಾಡಿ, ಬರವಣಿಗೆಯನ್ನು ಅದರೊಳಗೆ ಕೂರಿಸಿ.

ಬೆಳಿಗ್ಗೆ ಐದೂವರೆಗೆ ಎದ್ದು ಅರ್ಧ ಗಂಟೆ ನಡೆಸಿ, ಆರೂವರೆಯೊಳಗೆ ಗಾಡಿ ಬಿಡಿ. ಹೊರಡುವ ಮೂರು ನಾಲ್ಕು ಗಂಟೆ ಮೊದಲಿನಿಂದ ಊಟ ಬೇಡ. ಹೊಟ್ಟೆ ತುಂಬಿದ ನಾಯಿ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತದೆ. ಎರಡು ಗಂಟೆಗೊಮ್ಮೆ ಇಪ್ಪತ್ತು ನಿಮಿಷ ನಿಲ್ಲಿಸಿ. ಹನ್ನೊಂದಕ್ಕೆಲ್ಲ ರೂಮು ಸೇರಿ ದಿನದ ಊಟದ ಮೂರನೇ ಒಂದು ಭಾಗ ಹಾಕಿ, ಉಳಿದದ್ದು ರಾತ್ರಿಗೆ. ಹನ್ನೊಂದರಿಂದ ನಾಲ್ಕರವರೆಗೆ ನಾಯಿ ಫ್ಯಾನಿನ ಕೆಳಗೆ ಮಲಗುತ್ತದೆ. ನೀವು ಬರೆಯಬೇಕಾದ್ದು ಆಗಲೇ. ರಾತ್ರಿ ಬರೆಯುತ್ತೇನೆ ಅಂದುಕೊಂಡವರು ಬರೆಯುವುದಿಲ್ಲ, ಮರುದಿನ ಮತ್ತೆ ಐದೂವರೆಗೆ ಏಳಬೇಕಲ್ಲ.

ತಿಂಗಳನ್ನೂ ನಾಯಿಯ ಮೈ ನೋಡಿಯೇ ಆರಿಸಿ. ಹಂಪಿ, ಬಾದಾಮಿ, ಕಲಬುರಗಿಗೆ ನವೆಂಬರಿನಿಂದ ಫೆಬ್ರವರಿ. ಏಪ್ರಿಲ್ ಮಧ್ಯಾಹ್ನದ ಹಂಪಿ ಬಂಡೆ ಮೇಲೆ ನಾಯಿಯ ಪಾದ ಬೊಬ್ಬೆ ಏಳುತ್ತದೆ. ಅಂಗೈ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಸೆಕೆಂಡು ಹಿಡಿಯಲಾಗದಿದ್ದರೆ ಅಲ್ಲಿ ನಾಯಿ ನಡೆಸಬಾರದು. ಪಗ್, ಬುಲ್‌ಡಾಗ್, ಶಿಟ್ಜು ಥರದ ಮೊಂಡು ಮೂಗಿನವನ್ನು ಬೇಸಿಗೆಯಲ್ಲಿ ಬಯಲುಸೀಮೆಗೆ ಕರೆದೊಯ್ಯಲೇಬೇಡಿ, ಅವಕ್ಕೆ ತೇಕಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಕಡಿಮೆ.

ಗಾಡಿಯೊಳಗೆ

ನಾಯಿಯ ಜಾಗ ಹಿಂದಿನ ಸೀಟು, ಎದೆಗೆ ಹಾರ್ನೆಸ್, ಅದರ ಕೊಂಡಿ ಸೀಟ್‌ಬೆಲ್ಟ್ ಬಕಲ್ಲಿಗೆ. ಬೆಲ್ಟನ್ನು ಕೊರಳಪಟ್ಟಿಗೆ ಸಿಕ್ಕಿಸಿದರೆ ಜೋರಾಗಿ ಬ್ರೇಕ್ ಒತ್ತಿದಾಗ ಕತ್ತಿಗೆ ಏಟು. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡರೆ ನಾಯಿಯ ಜೀವಕ್ಕೇ ಅಪಾಯ. ಕಿಟಕಿಯಿಂದ ತಲೆ ಹೊರಗೆ ಹಾಕಿದ ಫೋಟೋ ಚೆನ್ನಾಗಿರುತ್ತದೆ, ಆದರೆ ಕಣ್ಣಿಗೆ ದೂಳು, ಹುಳ ಬಡಿಯುತ್ತವೆ. ಅದನ್ನು ನಿಂತ ಗಾಡಿಯಲ್ಲಿ ತೆಗೆದುಕೊಳ್ಳಿ.

ನಿಲ್ಲಿಸಿದ ಕಾರಿನಲ್ಲಿ ನಾಯಿಯನ್ನು ಬಿಟ್ಟು ತಿಂಡಿಗೆ ಹೋಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬಿಸಿಲಲ್ಲಿ ಹತ್ತೇ ನಿಮಿಷಕ್ಕೆ ಒಳಗಿನ ಕಾವು ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಕಿಟಕಿ ಎರಡು ಬೆರಳು ಇಳಿಸಿದರೂ ಅಷ್ಟೇ. ಇಬ್ಬರಿದ್ದರೆ ಸರದಿಯ ಮೇಲೆ ತಿನ್ನಿ, ಒಬ್ಬರೇ ಆದರೆ ಪಾರ್ಸೆಲ್ ಕಟ್ಟಿಸಿಕೊಳ್ಳಿ. ದೇವಸ್ಥಾನಕ್ಕೂ ಇದೇ ಮಾತು: ಒಬ್ಬರೇ ಪ್ರಯಾಣಿಸುವವರಿಗೆ ಒಳಗಿನ ದರ್ಶನ ಇಲ್ಲ, ಹೊರಗಿನ ಬೀದಿಯನ್ನೇ ಬರೆಯಬೇಕು.

ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಲ್ಲಿ ತಿರುಗಿದ ಮೇಲೆ ತೇಕು ನಿಲ್ಲದೆ, ಜೊಲ್ಲು ಅಂಟಾಗಿ, ಒಸಡು ಕೆಂಪೇರಿ, ಕಾಲು ತಡವರಿಸಿದರೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 104 ದಾಟಿದ್ದರೆ ನೆರಳಿಗೆ ತಂದು ಮೈಯೆಲ್ಲ ತೋಯುವಂತೆ ನಲ್ಲಿ ನೀರು ಸುರಿಯಿರಿ, ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿಯುತ್ತದೆ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ. 103ಕ್ಕೆ ಇಳಿದಾಗ ನೀರು ಸುರಿಯುವುದು ನಿಲ್ಲಿಸಿ, ನಾಯಿ ಚೇತರಿಸಿಕೊಂಡಂತೆ ಕಂಡರೂ ಪಶು ವೈದ್ಯರ ಬಳಿ ಹೋಗಿ.

ಕುಡಿಯುವ ನೀರು ಒಂದು ಕಿಲೋ ತೂಕಕ್ಕೆ ದಿನಕ್ಕೆ 50–60 ಮಿಲಿಲೀಟರ್ ಅಂತ ಲೆಕ್ಕ. 20 ಕಿಲೋ ನಾಯಿಗೆ ಒಂದರಿಂದ 1.2 ಲೀಟರ್. ಗಾಡಿಯಲ್ಲಿ ಇದರ ಎರಡರಷ್ಟು ಇರಲಿ. ಮಳೆಗಾಲದಲ್ಲಿ ಗದ್ದೆ, ಹೊಂಡದ ನೀರು ಕುಡಿಯಲು ಬಿಡಬೇಡಿ, ಇಲಿಯ ಮೂತ್ರದಿಂದ ಇಲಿ ಜ್ವರ ಬರುತ್ತದೆ. ಹೋಟೆಲಿನಲ್ಲಿ ಸಿಗುವುದರಲ್ಲಿ ಸಾದಾ ಇಡ್ಲಿ, ಬಿಳಿ ಅನ್ನ, ಬೇಯಿಸಿದ ಮೊಟ್ಟೆ, ಒಗ್ಗರಣೆಯಿಲ್ಲದ ಮೊಸರನ್ನ ಹಾಕಬಹುದು. ಸಾಂಬಾರು, ಪಲ್ಯ, ಬಿರಿಯಾನಿ ಬೇಡ: ಈರುಳ್ಳಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಕೇಸರಿಬಾತಿನ ಒಣದ್ರಾಕ್ಷಿ ಕಿಡ್ನಿಗೆ ಹೊಡೆತ. ಜ್ವರ ಬಂತೆಂದು ನಿಮ್ಮ ಪ್ಯಾರಾಸಿಟಮಾಲ್ ಕೊಡಲೇಬೇಡಿ.

ಉಣ್ಣಿ, ಇಂಬಳ, ಚಿರತೆ

ಮಲೆನಾಡಿಗೆ ಹೋಗುವವರು ಈ ಭಾಗವನ್ನು ಎರಡು ಸಲ ಓದಲಿ. ಹೊರಡುವ ಒಂದು ವಾರ ಮೊದಲು ಉಣ್ಣಿಯ ಮಾತ್ರೆ ಆಗಬೇಕು. ಅಫಾಕ್ಸೊಲೇನರ್ ಎಂಬ ಔಷಧಿಯ ಮಾತ್ರೆ ಒಂದು ತಿಂಗಳು, ಫ್ಲುರಲೇನರ್ ಎಂಬುದರದ್ದು ಸುಮಾರು 12 ವಾರ ಕೆಲಸ ಮಾಡುತ್ತದೆ. ನಾಯಿಗೆ ಫಿಟ್ಸ್ ಬಂದದ್ದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮಾತ್ರೆ ಕೊಟ್ಟರೂ ದಿನಾ ಸಂಜೆ ಕೈಯಾಡಿಸಿ ಹುಡುಕಬೇಕು, ಏಕೆಂದರೆ ಉಣ್ಣಿ ಕಚ್ಚಿದ ಮೇಲೆಯೇ ಆ ಔಷಧಿ ಅದನ್ನು ಕೊಲ್ಲುವುದು. ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಕಂಕುಳು, ಕೊರಳಪಟ್ಟಿಯ ಅಡಿ, ಬಾಲದ ಬುಡ, ಇವಿಷ್ಟು ಅದರ ಅಡಗುದಾಣ. ಚಿಮಟದಲ್ಲಿ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಎಳೆಯಿರಿ, ಸ್ಪಿರಿಟ್ಟಿಗೆ ಹಾಕಿ. ಉಗುರಿನಲ್ಲಿ ಕುಕ್ಕುವುದು, ಸೀಮೆಎಣ್ಣೆ ಸವರುವುದು ಎರಡೂ ಹಳೇ ಕೆಟ್ಟ ಅಭ್ಯಾಸ.

ಉಣ್ಣಿ ಜ್ವರ ಸಾಮಾನ್ಯವಾಗಿ ಪ್ರವಾಸದಲ್ಲಿ ಕಾಣಿಸುವುದಿಲ್ಲ, ಒಂದರಿಂದ ಮೂರು ವಾರ ಕಳೆದು ಮನೆಯಲ್ಲಿ ಕಾಣಿಸುತ್ತದೆ: ಊಟ ಬಿಡುತ್ತದೆ, ಒಸಡು ಬಿಳುಚುತ್ತದೆ, ಮೂಗಿನಲ್ಲಿ ರಕ್ತ ಬರಬಹುದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಯಾವ ದಿನ ಎಲ್ಲಿ ಎಷ್ಟು ಉಣ್ಣಿ ಕಿತ್ತಿರಿ ಎಂದು ನಿಮ್ಮ ಪ್ರವಾಸದ ಡೈರಿಯಲ್ಲೇ ಬರೆದಿದ್ದರೆ ವೈದ್ಯರಿಗೆ ಅರ್ಧ ಕೆಲಸ ಉಳಿಯುತ್ತದೆ.

ಮನುಷ್ಯರ ಪಾಲಿಗೂ ಅಪಾಯವಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದಲೇ, ಹೆಚ್ಚಾಗಿ ಡಿಸೆಂಬರಿನಿಂದ ಮೇ ನಡುವೆ. ಆ ತಿಂಗಳುಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯ ಕಾಡಂಚಿನ ತರಗೆಲೆ ಮೇಲೆ ಕೂತು ಟಿಪ್ಪಣಿ ಬರೆಯುವ ಆಸೆ ಬಿಡಿ, ನಾಯಿಯನ್ನು ನಿಮ್ಮ ಹಾಸಿಗೆಗೆ ಹತ್ತಿಸಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಣ್ಣಿ ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ನಿಮ್ಮ ಕೈಕಾಲಿಗೆ, ನಾಯಿಯ ಮೈಗಲ್ಲ.

ಇಂಬಳಕ್ಕೆ ಹೊಗೆಸೊಪ್ಪು, ಸುಣ್ಣ ಹಚ್ಚುವ ಪದ್ಧತಿ ನಾಯಿಗೆ ಆಗಿಬರುವುದಿಲ್ಲ. ಅದು ನೆಕ್ಕುತ್ತದೆ, ಹೊಗೆಸೊಪ್ಪಿನ ನಿಕೋಟಿನ್ ವಿಷ. ಬೆರಳುಗುರಿನಿಂದ ಇಂಬಳದ ಬಾಯಿಯ ಅಡಿಗೆ ತಳ್ಳಿ ಬಿಡಿಸಿ. ಮೂಗಿನೊಳಗೆ ಹೊಕ್ಕಿದ್ದರೆ ನೀವು ಕೈಹಾಕಬೇಡಿ.

ಹೋಂಸ್ಟೇ ಹುಡುಕುವಾಗ ನಾಯಿ ಬಿಡ್ತೀರಾ ಅಂತ ಮಾತ್ರ ಕೇಳಿದರೆ ಸಾಲದು. ಅವರ ಮನೆ ನಾಯಿ ಎಷ್ಟು, ಬಿಟ್ಟಿರುತ್ತಾರಾ, ಬೇಲಿ ಇದೆಯಾ, ರಾತ್ರಿ ಚಿರತೆ ಓಡಾಡುತ್ತದಾ, ಇವನ್ನೂ ಕೇಳಿ. ಚಿರತೆಗೆ ನಾಯಿ ಅಂದರೆ ಸುಲಭದ ಊಟ; ಅಂಗಳದಲ್ಲಿ ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ. ರಾತ್ರಿ ಅದು ರೂಮಿನೊಳಗೇ ಇರಲಿ.

ಬಂಡೀಪುರ, ನಾಗರಹೊಳೆಯಂಥ ಹುಲಿ ಸಂರಕ್ಷಿತ ಪ್ರದೇಶದ ಸಫಾರಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚಾರಣ, ಎಲ್ಲೂ ನಾಯಿಯನ್ನು ಒಯ್ಯುವಂತಿಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್, ಹಗಲಲ್ಲೂ ಗಾಡಿ ನಿಲ್ಲಿಸುವಂತಿಲ್ಲ. ಗುಂಡ್ಲುಪೇಟೆಯಲ್ಲೇ ನಾಯಿಗೆ ಮೂತ್ರ ಮಾಡಿಸಿ ಕಾಡು ಹೊಗಿ. ಮುಧೋಳ ನಾಯಿ ಇರುವವರಿಗೆ ಒಂದು ಮಾತು: ಅದು ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ತಳಿ. ಕುರಿ ಹಿಂಡು, ಮುಸಿಯ (ಕರಿ ಮೂತಿಯ ಮಂಗ) ಕಂಡ ಕಡೆ ಹಗ್ಗ ಬಿಚ್ಚಿದರೆ ಕೂಗಿದರೂ ತಿರುಗುವುದಿಲ್ಲ.

ಕಾಗದ ಪತ್ರ

ಲಸಿಕೆ ಪುಸ್ತಕದ ಮೂಲಪ್ರತಿ, ಫೋನಿನಲ್ಲಿ ಅದರ ಫೋಟೋ, ಕೊರಳಪಟ್ಟಿಯಲ್ಲಿ ನಿಮ್ಮ ನಂಬರು. ರೇಬಿಸ್ ಲಸಿಕೆ ವರ್ಷದೊಳಗಿನದು ಇರಲಿ. ಬೀದಿ ನಾಯಿ ನಿಮ್ಮನ್ನು ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ಕತೆ ಆಮೇಲೆ ಬರೆಯಬಹುದು. ರೈಲಿನಲ್ಲಿ ನಾಯಿ ನಿಮ್ಮ ಜೊತೆ ಕೂರಬೇಕಾದರೆ ಫಸ್ಟ್ ಎಸಿಯ ಇಡೀ ಎರಡು ಬರ್ತಿನ ಕೂಪೆ ಅಥವಾ ನಾಲ್ಕು ಬರ್ತಿನ ಕ್ಯಾಬಿನ್ ನಿಮ್ಮದಾಗಿರಬೇಕು. ಸ್ಲೀಪರ್, ಟು ಟಿಯರ್, ತ್ರೀ ಟಿಯರ್‌ಗಳಲ್ಲಿ ಬಿಡುವುದಿಲ್ಲ. ಪಾರ್ಸೆಲ್ ಕಚೇರಿಯಲ್ಲಿ ಬುಕಿಂಗ್ ಮಾಡಿಸಲು ಕನಿಷ್ಠ ಎರಡು ಗಂಟೆ ಮುಂಚೆ ನಿಲ್ದಾಣದಲ್ಲಿರಿ. ಬ್ರೇಕ್ ವ್ಯಾನಿನ ಡಾಗ್ ಬಾಕ್ಸ್ ಅನ್ನುವುದೂ ಇದೆ. ಸದ್ದು, ಕಾವು, ಕತ್ತಲೆ ಎಲ್ಲ ಸೇರಿ ನಾಯಿ ಕಂಗಾಲಾಗುತ್ತದೆ, ಅದು ಬೇಡ ಎಂದೇ ನಮ್ಮ ಸಲಹೆ.

ಬರೆಯುವ ಕೆಲಸ

ಒಂದು ಕೈಯಲ್ಲಿ ಹಗ್ಗ ಇದ್ದಾಗ ಪುಸ್ತಕ ತೆರೆಯಲಾಗದು. ಸೊಂಟಕ್ಕೆ ಕಟ್ಟುವ ಹಗ್ಗ ತೆಗೆದುಕೊಳ್ಳಿ. ನಾಯಿ 25 ಕಿಲೋ ದಾಟಿದ್ದು, ಎಳೆಯುವ ಸ್ವಭಾವದ್ದಾದರೆ ಅದೂ ಬೇಡ, ನಿಮ್ಮನ್ನೇ ಬೀಳಿಸುತ್ತದೆ. ನಡೆಯುವಾಗ ಫೋನಿನಲ್ಲಿ ಅರ್ಧ ನಿಮಿಷದ ಧ್ವನಿಮುದ್ರಣ, ನಿಂತಾಗ ಜೇಬು ಪುಸ್ತಕದಲ್ಲಿ ಪೆನ್ಸಿಲ್. ಜೆಲ್ ಪೆನ್ನಿನ ಶಾಯಿ ಆಗುಂಬೆಯ ಒಂದೇ ಮಳೆಗೆ ಹರಡಿಹೋಗುತ್ತದೆ.

ಪುಸ್ತಕದ ಎಡಪುಟದಲ್ಲಿ ಬರೀ ವಿವರ: ಓಡೋಮೀಟರ್, ಗಂಟೆ, ಊರಿನ ಹೆಸರು ಬೋರ್ಡಿನಲ್ಲಿ ಇದ್ದಂತೆ, ಕೊಟ್ಟ ದುಡ್ಡು, ನಾಯಿ ತಿಂದದ್ದು, ಹಿಕ್ಕೆ ಹೇಗಿತ್ತು. ಬಲಪುಟದಲ್ಲಿ ಕಂಡದ್ದು, ಕೇಳಿದ್ದು. ಮಧ್ಯಾಹ್ನ ಕೂತಾಗ ಬಲಪುಟವನ್ನು 400–500 ಪದಕ್ಕೆ ಹಿಗ್ಗಿಸಿ. ಮೂರು ದಿನ ಬಿಟ್ಟರೆ ಜನರ ಮಾತಿನ ಧಾಟಿ ಮರೆತುಹೋಗಿ ಎಲ್ಲರೂ ನಿಮ್ಮ ಭಾಷೆಯಲ್ಲೇ ಮಾತಾಡತೊಡಗುತ್ತಾರೆ.

ನಾಯಿಯಿಂದ ಬರವಣಿಗೆಗೆ ಸಿಗುವ ದೊಡ್ಡ ಲಾಭ ಮಾತುಕತೆ. ಯಾವ ಜಾತಿ, ಕಚ್ಚುತ್ತಾ, ಎಷ್ಟು ಕೊಟ್ರಿ, ಈ ಮೂರು ಪ್ರಶ್ನೆ ಯಾವ ಊರಲ್ಲೂ ತಪ್ಪುವುದಿಲ್ಲ. ಉತ್ತರ ಕೊಟ್ಟು ಹೊರಟುಬಿಡುವವರೇ ಹೆಚ್ಚು. ನೀವು ಮರುಪ್ರಶ್ನೆ ಹಾಕಿ: ನಿಮ್ಮ ಮನೇಲಿ ನಾಯಿ ಇತ್ತಾ, ಏನಂತ ಕರೀತಿದ್ರಿ? ಅಲ್ಲಿಂದ ತೋಟ, ಹಂದಿ ಕಾಟ, ಊರು ಬಿಟ್ಟ ಮಗ, ಎಲ್ಲ ಬರುತ್ತದೆ. ಅವರ ಹೆಸರು, ಮನೆ ಅಚ್ಚಾಗಬಹುದೇ ಎಂದು ಅಲ್ಲೇ ಕೇಳಿ ಎಡಪುಟದಲ್ಲಿ ಗುರುತು ಹಾಕಿ.

ಕಥನ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ನಾಯಿಯೇ ಪುಟ ತುಂಬಿ ಊರು ಮಾಯವಾಗುವುದು ಒಂದು. ಕರಡು ಓದುವಾಗ ಯಾವ ಪ್ಯಾರಾವನ್ನು ಬೇರೆ ಯಾವುದೇ ಊರಿಗೆ ಅಂಟಿಸಬಹುದೋ ಅದನ್ನು ಹೊಡೆದುಹಾಕಿ. ನಾಯಿಯ ಬಾಯಲ್ಲಿ ಮನುಷ್ಯರ ಭಾವನೆ ಆಡಿಸುವುದು ಇನ್ನೊಂದು. ನಾಯಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಕೆಂಪು ಸೂರ್ಯಾಸ್ತ ನೋಡಿ ಅದು ಮೈಮರೆಯಿತು ಅಂತ ಬರೆದರೆ ನಾಯಿ ಸಾಕಿದ ಓದುಗರು ನಗುತ್ತಾರೆ. ಮಲ್ಪೆ ಬಂದರಿನಲ್ಲಿ ಅದು ಯಾವ ಬುಟ್ಟಿಯ ಮುಂದೆ ನಿಂತಿತು, ಕಿವಿ ಎತ್ತ ತಿರುಗಿತು ಎಂಬುದನ್ನು ಬರೆಯಿರಿ.

ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವವರಿಗೆ: ಡೆಮಿ 1/8 (ಸಾಮಾನ್ಯ ಕನ್ನಡ ಪುಸ್ತಕದ ಅಳತೆ) ಪುಟಕ್ಕೆ ಸುಮಾರು 220 ಪದ, 16 ಪುಟಕ್ಕೆ ಒಂದು ಫಾರಂ. ಹತ್ತು ಫಾರಂ, ಅಂದರೆ 160 ಪುಟದ ಪುಸ್ತಕಕ್ಕೆ 35 ಸಾವಿರ ಪದ ಹಿಡಿಯುತ್ತದೆ. ಫೋಟೋ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ; ಕಪ್ಪು ನಾಯಿಯ ಚಿತ್ರ ಕಪ್ಪುಬಿಳುಪಿನಲ್ಲಿ ಮಸಿಮುದ್ದೆಯಾಗುವುದರಿಂದ ನೆರಳಿನಲ್ಲಿ, ತಿಳಿ ಬಣ್ಣದ ಹಿನ್ನೆಲೆಗೆ ತೆಗೆಯಿರಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಭಾರತದಲ್ಲಿ ಶುಲ್ಕವಿಲ್ಲ, ಅರ್ಜಿ ನೀವೇ ಹಾಕಬಹುದು. ನೀವೇ ಪ್ರಕಾಶಕರಾದ್ದರಿಂದ 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಕಾಯ್ದೆ ಗುರುತಿಸಿದ ಇತರ ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಯೂನಿಕೋಡಿನಲ್ಲಿ ಟೈಪಿಸಿದ್ದನ್ನು ಮುದ್ರಣಾಲಯದವರು ನುಡಿ ಫಾಂಟಿಗೆ ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಮುರಿಯುತ್ತವೆ. ಕೊನೆಯ ಕರಡನ್ನು ಪರದೆಯ ಮೇಲೆ ಬೇಡ, ಕಾಗದದ ಮೇಲೆ ಓದಿ, ಊರ ಹೆಸರುಗಳನ್ನು ಎಡಪುಟದ ಜೊತೆ ಒಂದೊಂದಾಗಿ ತಾಳೆ ನೋಡಿ.